ಉಳಿದ ಬಂಗಾರವನ್ನೂ ಕೊಟ್ಟುಬಿಡಲಾ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಯಜಮಾನರದು ಬೈಕ್ ಬಿಡಿಭಾಗಗಳ ಅಂಗಡಿ. ಎರಡು ವರ್ಷದಿಂದ ಗೆಳೆಯರ ಜೊತೆ ಪಣಜಿಯ ಕ್ಯಾಸಿನೊಗೆ ಹೋಗುತ್ತಿದ್ದಾರೆ. ನನ್ನ ಬಳೆಗಳನ್ನು ಅಡ ಇಟ್ಟಾಯಿತು. ಕೈಸಾಲ ಎಂಟು ಲಕ್ಷ ದಾಟಿದೆ. ‘ನಿನ್ನ ತವರಿನ ಬಂಗಾರ ಒಂದೇ ಸಲ ಕೊಡು, ಹೋದದ್ದನ್ನೆಲ್ಲ ವಾಪಸ್ ತರ್ತೀನಿ’ ಅನ್ನುತ್ತಾರೆ. ‘ಗಂಡ ಉಳಿದರೆ ಬಂಗಾರ ಬಂದೀತು, ಕೊಡವ್ವ’ ಅಂತ ಅತ್ತೆಯೂ ಹೇಳುತ್ತಾರೆ. ಏನು ಮಾಡಲಿ ಮೇಡಂ?

ಉತ್ತರ: ಕೊಡಬೇಡಿ. ಅತ್ತೆಯವರ ಮಾತಿನಲ್ಲಿ ಕೆಡುಕಿಲ್ಲ, ಮಗನ ಮೇಲಿನ ಭಯ ಇದೆ. ಆದರೆ ಹೋದದ್ದನ್ನು ವಾಪಸ್ ತರ್ತೀನಿ ಅಂತ ಮತ್ತೆ ಆಡಲು ಹೊರಡುವುದೇ ಜೂಜಿನ ಚಟದ ದೊಡ್ಡ ಲಕ್ಷಣ.

ಕ್ಯಾಸಿನೊದ ರೂಲೆಟ್ ಚಕ್ರವನ್ನೇ ನೋಡಿ. ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಯ ಮನೆಗೆ ಬೀಳುತ್ತದೋ ಅದಕ್ಕೆ ದುಡ್ಡು ಇಟ್ಟವರು ಗೆಲ್ಲುತ್ತಾರೆ. ಒಂದೇ ಸೊನ್ನೆಯ ಚಕ್ರದಲ್ಲಿ 37 ಮನೆ. ಎಲ್ಲಾ ಮನೆಗೂ ನೂರು ನೂರು ರೂಪಾಯಿ ಇಟ್ಟರೆ 3,700 ಆಯಿತು. ಯಾವ ಮನೆ ಬಿದ್ದರೂ ಕೈಗೆ ಬರುವುದು 3,600. ಮೋಸ ಏನೂ ಇಲ್ಲ, ಲೆಕ್ಕವೇ ಹಾಗಿದೆ. ಆಡಿದಷ್ಟೂ ಸವೆಯುತ್ತದೆ. ಅಂದ ಹಾಗೆ, 2020ರ ಫೆಬ್ರವರಿಯಿಂದ ಗೋವಾದವರಿಗೇ ಅಲ್ಲಿನ ಕ್ಯಾಸಿನೊಗಳಲ್ಲಿ ಆಡಲು ಬಿಡುವುದಿಲ್ಲ. ತಮ್ಮ ಜನ ಹಾಳಾಗಬಾರದು ಅಂತ ಅಲ್ಲಿನ ಸರ್ಕಾರಕ್ಕೆ ಗೊತ್ತಿದೆ. ನಮ್ಮವರು ಮಾತ್ರ ಹೋಗಬಹುದು!

ತವರಿನ ಬಂಗಾರ ಕಾನೂನಿನ ಪ್ರಕಾರವೂ ನಿಮ್ಮದೇ. ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿಡಿ. ಖಾಲಿ ಚೆಕ್ಕು, ಜಾಮೀನು ಪತ್ರ ಯಾವುದಕ್ಕೂ ಸಹಿ ಹಾಕಬೇಡಿ.

ಸಾಲದ ವಿಷಯಕ್ಕೆ ಮೈದುನನನ್ನೋ ನಿಮ್ಮ ಅಣ್ಣನನ್ನೋ ಕೂರಿಸಿಕೊಳ್ಳಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು ಅಂತ ಯಜಮಾನರ ಕೈಯಲ್ಲೇ ಬರೆಸಿ. ಮೊದಲ ಸಲ ಅರ್ಧ ಮಾತ್ರ ಹೇಳ್ತಾರೆ, ಸುಮ್ನೆ ಕಾಯಿರಿ. ಅಂಗಡಿಯ ಗಲ್ಲಾ ಕೆಲವು ತಿಂಗಳು ನೀವೇ ನೋಡಿಕೊಳ್ಳಿ. ಕ್ಯೂಆರ್ ಕೋಡ್ ಅವರ ಖಾತೆಗೇ ಜೋಡಿಸಿದ್ದರೆ ಗಲ್ಲಾ ಹಿಡಿದೂ ಪ್ರಯೋಜನವಿಲ್ಲ, ಅದನ್ನೂ ಬದಲಿಸಿ. ಕಂತಿನ ದುಡ್ಡು ನೇರ ಸಾಲ ಕೊಟ್ಟವರಿಗೇ ಹೋಗಲಿ, ಯಜಮಾನರ ಕೈಗೆ ಬೇಡ.

ಬೈದು, ಆಣೆ ಹಾಕಿಸಿ ಬಿಡಿಸಬಹುದಾದ ಚಟ ಇದಲ್ಲ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ. ಯಜಮಾನರು ಬರಲ್ಲ ಅಂದರೆ ಮೊದಲು ನೀವೇ ಹೋಗಿ ಮಾತಾಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಹಗಲೂ ರಾತ್ರಿ ಉಚಿತವಾಗಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ‘ಬಂಗಾರ ಕೊಡದಿದ್ರೆ ಸಾಯ್ತೀನಿ’ ಅಂತ ಅವರೇನಾದರೂ ಅಂದರೆ ಅದನ್ನು ನಾಟಕ ಅಂತ ಬಿಡಬೇಡಿ. ಒಂಟಿಯಾಗಿರಲು ಬಿಡದೆ ಆಗಲೇ ಆ ನಂಬರಿಗೆ ಫೋನ್ ಮಾಡಿ. ಲಾಕರ್ ಕೀಲಿಯನ್ನು ಮಾತ್ರ ಆಗಲೂ ಕೊಡಬೇಡಿ.