ತಂತಿ ಕಟ್ಟಿದವರು ಯಾರು ಎಂದೂ ಕೇಳಿ

ಪತ್ರ: ‘ಟೆಲಿವಿಷನ್ನಿನ ಮೊದಲ ಸೂಪರ್‌ಮ್ಯಾನ್ ಜಾರ್ಜ್ ರೀವ್ಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ಮೂರು ಪುಟ ಆತನ ಬಾಲ್ಯ, ನಾಟಕದ ತರಬೇತಿ, ಸಣ್ಣಪುಟ್ಟ ಪಾತ್ರಗಳಿಗೇ ಹೋಯಿತು. ಸತ್ತದ್ದು ಕೊಲೆಯೋ ಆತ್ಮಹತ್ಯೆಯೋ ಎಂಬುದಕ್ಕೆ ಎರಡೇ ಸಾಲು! ಓದುಗರಿಗೆ ಬೇಕಾದದ್ದನ್ನೇ ಬಿಟ್ಟರೆ ಹೇಗೆ?’
– ಶಿವಮೊಗ್ಗದ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. 1959ರ ಜೂನ್ 16ರಂದು, 45ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ತನ್ನ ಮನೆಯಲ್ಲೇ ರೀವ್ಸ್ ಗುಂಡೇಟಿನಿಂದ ಸತ್ತ. ಅಧಿಕಾರಿಗಳು ಆತ್ಮಹತ್ಯೆ ಎಂದರು, ತಾಯಿ ಒಪ್ಪಲಿಲ್ಲ. ಅದರ ಮೇಲೆ ಪುಸ್ತಕಗಳು ಬಂದವು, ಸಿನಿಮಾ ಬಂತು, ಇವತ್ತಿಗೂ ವಾದ ನಿಂತಿಲ್ಲ. ಆ ಎರಡು ಸಾಲನ್ನು ನಾಲ್ಕು ಮಾಡಬಹುದಿತ್ತು, ಒಪ್ಪಿದೆ. ಆದರೆ ಉಳಿದ ಮೂರು ಪುಟವನ್ನು ನೀವು ಸರಸರನೆ ಮಗುಚಿದಿರಿ ಅನ್ನಿಸುತ್ತದೆ. ಜಗಳ ಇರುವುದು ಅಲ್ಲಿ.

ಆತ ಹುಟ್ಟಿದ್ದು 1914ರ ಜನವರಿ 5ರಂದು, ಅಮೆರಿಕದ ಅಯೋವಾ ರಾಜ್ಯದ ವುಲ್‌ಸ್ಟಾಕ್ ಎಂಬ ಪುಟ್ಟ ಊರಲ್ಲಿ, ಜಾರ್ಜ್ ಕೀಫರ್ ಬ್ರೂವರ್ ಎಂಬ ಹೆಸರಿನಲ್ಲಿ. ಅಪ್ಪ ಅಮ್ಮ ಬೇಗ ಬೇರೆಯಾದರು. ತಾಯಿ ಮಗನೊಂದಿಗೆ ಕ್ಯಾಲಿಫೋರ್ನಿಯಾ ಸೇರಿ ಮರುಮದುವೆಯಾದಳು, ಹುಡುಗ ಮಲತಂದೆಯ ಬೆಸೊಲೊ ಎಂಬ ಹೆಸರು ಪಡೆದ. ‘ರೀವ್ಸ್’ ಆದದ್ದು ಆಮೇಲೆ, ವಾರ್ನರ್ ಬ್ರದರ್ಸ್‌ನವರು ಕರಾರು ಬರೆಸಿಕೊಂಡಾಗ. ಹರೆಯದಲ್ಲಿ ಬಾಕ್ಸಿಂಗ್ ಹುಚ್ಚು ಹಿಡಿದಿತ್ತು, ಮುಖ ಕೆಟ್ಟೀತೆಂದು ತಾಯಿ ಬಿಡಿಸಿದಳು. ಬದಲಿಗೆ ಸಿಕ್ಕಿದ್ದು ಪಸಡೀನಾ ಪ್ಲೇಹೌಸ್, ಗಿಲ್ಮೋರ್ ಬ್ರೌನ್ ಕಟ್ಟಿ ಬೆಳೆಸಿದ ರಂಗಮಂದಿರ ಮತ್ತು ನಟನಾ ಶಾಲೆ. ನಮ್ಮ ರಾಜ್‌ಕುಮಾರ್‌ಗೆ ಗುಬ್ಬಿ ಕಂಪನಿ ಏನಾಗಿತ್ತೋ ಹೆಚ್ಚುಕಡಿಮೆ ಅದೇ.

ಈ ನಾಟಕದ ಕಲಿಕೆ ಯಾಕೆ ಮುಖ್ಯ ಅಂತೀರಾ? ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ ಧಾರಾವಾಹಿಯ ಮೊದಲ 26 ಕಂತುಗಳನ್ನು 1951ರಲ್ಲಿ ಒಂದೇ ಉಸಿರಿಗೆ ಚಿತ್ರೀಕರಿಸಿದರು. ಒಂದು ಕಂತಿಗೆ ಎರಡು ಮೂರು ದಿನವಷ್ಟೇ. ಅದೂ ಒಂದಾದ ಮೇಲೊಂದಲ್ಲ. ಸೂಪರ್‌ಮ್ಯಾನ್ ಗುರುತು ಮರೆಸಿ ವರದಿಗಾರನಾಗಿ ದುಡಿಯುವ ಪತ್ರಿಕಾ ಕಚೇರಿಯ ಸೆಟ್ ಹಾಕಿದರೆ ಹಲವು ಕಂತುಗಳ ಕಚೇರಿ ದೃಶ್ಯಗಳನ್ನು ಅಲ್ಲೇ ಮುಗಿಸಿಬಿಡುವುದು. ಜೋಡಣೆಯಲ್ಲಿ ಎಡವಟ್ಟಾಗದಿರಲಿ ಎಂದು ಪಾತ್ರಗಳಿಗೆಲ್ಲ ಕಂತಿನಿಂದ ಕಂತಿಗೆ ಅದೇ ಬಟ್ಟೆ. ಬೆಳಿಗ್ಗೆ ಒಂದು ಕತೆಯ ಕೊನೆ, ಅರ್ಧ ಗಂಟೆ ಬಿಟ್ಟು ಇನ್ನೊಂದರ ನಡುಭಾಗ. ಮಾತು ಬಾಯಿಪಾಠವಿರಬೇಕು, ಯಾವ ಕತೆಯಲ್ಲಿ ಎಲ್ಲಿದ್ದೇನೆ ಎಂಬ ಎಚ್ಚರವೂ ಇರಬೇಕು. ಮತ್ತೆ ಮತ್ತೆ ಟೇಕ್ ತೆಗೆದುಕೊಳ್ಳಲು ಹಣವಿಲ್ಲ. ಇಂಥ ಕಡೆ ಬರೀ ಅಂದಗಾರ ಮೂರನೇ ದಿನ ಕೈಯೆತ್ತುತ್ತಾನೆ.

ಅಲ್ಲಿಗೆ ಬರುವ ಮೊದಲಿನ ಹನ್ನೆರಡು ವರ್ಷಗಳನ್ನೂ ನೋಡಿ. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದ ಶುರುವಿನಲ್ಲೇ ನಾಯಕಿಯ ಅಕ್ಕಪಕ್ಕ ಕೂತ ಅವಳಿಗಳಲ್ಲಿ ಒಬ್ಬ ಈತ. ಸ್ಟುವರ್ಟನ ಪಾತ್ರ ಮಾಡಿದ ಈತನ ಹೆಸರನ್ನು ಪಟ್ಟಿಯಲ್ಲಿ ಇನ್ನೊಬ್ಬ ಅವಳಿ ಬ್ರೆಂಟನ ಎದುರು ಹಾಕಿದರು! 1943ರಲ್ಲಿ ಮಾರ್ಕ್ ಸ್ಯಾಂಡ್ರಿಚ್ ನಿರ್ದೇಶನದ ಯುದ್ಧಚಿತ್ರದಲ್ಲಿ ಕ್ಲಾಡೆಟ್ ಕೋಲ್ಬರ್ಟ್‌ಗೆ ಜೋಡಿಯಾದ. ಇನ್ನೇನು ತಾರೆಯಾದ ಎನ್ನುವಷ್ಟರಲ್ಲಿ ಸೈನ್ಯದ ಕರೆ ಬಂತು. ವಾಯುಪಡೆಯ ನಾಟಕ, ತರಬೇತಿ ಚಿತ್ರ ಅಂತ ಯುದ್ಧಕಾಲ ಕಳೆಯಿತು. 1945ರಲ್ಲಿ, ಈತನನ್ನು ಮೇಲೆತ್ತಬಹುದಾಗಿದ್ದ ಸ್ಯಾಂಡ್ರಿಚ್ಚೇ ತೀರಿಕೊಂಡ. ಮರಳಿದ ಮೇಲೆ ಸಿಕ್ಕಿದ್ದು ಕಡಿಮೆ ಬಜೆಟ್ಟಿನ ಚಿತ್ರಗಳು, ಚಿತ್ರಮಂದಿರದಲ್ಲಿ ವಾರಕ್ಕೊಂದು ಭಾಗದಂತೆ ತೋರಿಸುವ 15 ಭಾಗದ ಒಂದು ಸೀರಿಯಲ್. ಹೀಗಾಗಿ 1951ರಲ್ಲಿ, ಇನ್ನೂ ಯಾರೂ ಮರ್ಯಾದೆ ಕೊಡದಿದ್ದ ಟೆಲಿವಿಷನ್ನಿಗೆ, ಅರೆಮನಸ್ಸಿನಿಂದ ಹೂಂ ಅಂದ. ಈ ಸಾಲುಗಳನ್ನು ಬಿಟ್ಟು ಕೊನೆಯ ರಾತ್ರಿಗೆ ನೆಗೆದರೆ ನಿಮಗೆ ಸಿಗುವುದು ಒಂದು ಹೆಣ, ಒಬ್ಬ ಮನುಷ್ಯನಲ್ಲ.

ಈಗ ಉಡುಪಿನ ವಿಷಯ. ಮೊದಲ 52 ಕಂತು ಕಪ್ಪುಬಿಳುಪು. ಆ ಫಿಲ್ಮಿನಲ್ಲಿ ಕೆಂಪೂ ನೀಲಿಯೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ಇಳಿಯುತ್ತವೆ, ಎದೆಯ ಲಾಂಛನ ಮೈಯಲ್ಲಿ ಕರಗಿಹೋಗುತ್ತದೆ. ಅದಕ್ಕೇ ಕಂದು, ಬೂದು, ಬಿಳಿಯಲ್ಲಿ ಹೊಲಿಸಿದರು. ಪರದೆಯ ಮೇಲೆ ಮಕ್ಕಳು ಕಂಡದ್ದೆಲ್ಲ ನೀಲಿ ಕೆಂಪು ಎಂದೇ ನಂಬಿದರು. 1954ರಲ್ಲಿ ಬಣ್ಣದ ಚಿತ್ರೀಕರಣ ಶುರುವಾದ ಮೇಲೆ ನಿಜವಾದ ನೀಲಿ ಕೆಂಪು ಬಂತು. ಒಳಗೆ ಭುಜಕ್ಕೂ ಎದೆಗೂ ರಬ್ಬರಿನ ಮೆತ್ತೆ. ಸ್ಟುಡಿಯೋ ದೀಪಗಳ ಕೆಳಗೆ, ಉಣ್ಣೆಯ ಬಿಗಿ ಅಂಗಿಯೊಳಗೆ, ಬೆವರು ಹೊರಹೋಗಲು ದಾರಿಯಿಲ್ಲದ ಆ ಮೆತ್ತೆ ಕಟ್ಟಿಕೊಂಡು ನಗುಮುಖದಲ್ಲಿ ನಿಲ್ಲಬೇಕು.

ಇನ್ನು ಹಾರಾಟ. ಮೊದಮೊದಲು ಸೊಂಟಕ್ಕೆ ಪಟ್ಟಿ ಬಿಗಿದು ತಂತಿಯಲ್ಲಿ ಎತ್ತುತ್ತಿದ್ದರು. ತಂತಿ ದಪ್ಪವಾದರೆ ಕ್ಯಾಮೆರಾಕ್ಕೆ ಕಾಣುತ್ತದೆ, ತೆಳುವಾದರೆ ತೂಕ ತಡೆಯದು. ಮೇಲೆತ್ತುವಾಗಿನ ಜಗ್ಗಿಗೆ ಭಾರ ಇನ್ನೂ ಹೆಚ್ಚುತ್ತದೆ. ಒಮ್ಮೆ ತಂತಿ ಕಿತ್ತು ರೀವ್ಸ್ ಕೆಳಗೆ ಬಿದ್ದ. ಮುಂದೆ ಥೋಲ್ ಸೈಮನ್ಸನ್ ಎಂಬ ತಂತ್ರಜ್ಞ ಬೇರೆ ಉಪಾಯ ಹೂಡಿದ. ನೆಗೆತಕ್ಕೆ ಸ್ಪ್ರಿಂಗ್‌ಬೋರ್ಡ್: ಓಡಿ ಬಂದು, ಚೌಕಟ್ಟಿನ ಕೆಳಗೆ ಅಡಗಿಸಿಟ್ಟ ಹಲಗೆಯನ್ನು ತುಳಿದು, ಕ್ಯಾಮೆರಾ ದಾಟಿ ಆಚೆ ಹಾಸಿದ ಹಾಸಿಗೆಯ ಮೇಲೆ ಬೀಳುವುದು. ಆಕಾಶದ ದೃಶ್ಯಕ್ಕೆ ಮೈಯ ಅಚ್ಚಿಗೆ ಸರಿಯಾಗಿ ಮಾಡಿದ ತಟ್ಟೆಯೊಂದರ ಮೇಲೆ ಮಗ್ಗುಲಾಗದೆ ಬೋರಲು ಮಲಗುವುದು. ತಟ್ಟೆ ಉಡುಪಿನಡಿ ಮರೆ, ಅದನ್ನು ಹೊತ್ತ ತೋಳು ಚೌಕಟ್ಟಿನ ಆಚೆ. ಫ್ಯಾನಿನ ಗಾಳಿಗೆ ಮೇಲಂಗಿ ಪಟಪಟಿಸಿದರೆ ಹಾರಾಟ ಸಿದ್ಧ. ಕಾಲು ಸಡಿಲ ಬಿಟ್ಟರೆ ಮಲಗಿದವನಂತೆ ಕಾಣುತ್ತಾನೆ, ಆದ್ದರಿಂದ ಬೆನ್ನು ಬಿಲ್ಲಿನಂತೆ ಬಾಗಿ ತೊಡೆ ಬಿಗಿದಿರಬೇಕು. ಈ ಕೆಲಸಕ್ಕೆ ಬೇಕಾದ ಸ್ನಾಯು ರಬ್ಬರಿನಲ್ಲಿ ಸಿಗುವುದಿಲ್ಲ.

‘ಸೂಪರ್‌ಮ್ಯಾನ್ ಆದದ್ದೇ ಅವನಿಗೆ ಮುಳುವಾಯಿತು’ ಎಂಬ ಮಾತೂ ಉಂಟು. ಅರ್ಧ ನಿಜ. ನಿರ್ಮಾಪಕರು ಒಂದು ತಿಂಗಳ ಮುನ್ಸೂಚನೆಯಲ್ಲಿ ಚಿತ್ರೀಕರಣಕ್ಕೆ ಕರೆಸಿಕೊಳ್ಳಬಹುದು ಎಂಬ ಷರತ್ತು ಕರಾರಿನಲ್ಲಿತ್ತು. ದೊಡ್ಡ ಸಿನಿಮಾಕ್ಕೆ ತಿಂಗಳುಗಟ್ಟಲೆ ಕಾಲ್‌ಶೀಟ್ ಕೊಡುವುದಾದರೂ ಹೇಗೆ? ಕಟ್ಟಿಹಾಕಿದ್ದು ಕೆಂಪು ಮೇಲಂಗಿಯಷ್ಟೇ ಅಲ್ಲ, ಆ ಕಾಗದವೂ ಹೌದು. ಅದನ್ನು ಬಿಟ್ಟು ಜನ ಹೇಳುವ ಕತೆ ಬೇರೆ. 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ಯಲ್ಲಿ ಪ್ರೇಕ್ಷಕರು ಈತನನ್ನು ಕಂಡು ‘ಅಗೋ ಸೂಪರ್‌ಮ್ಯಾನ್’ ಎಂದು ನಕ್ಕರಂತೆ, ಪಾತ್ರಕ್ಕೆ ಕತ್ತರಿ ಬಿತ್ತಂತೆ. ನಿರ್ದೇಶಕ ಫ್ರೆಡ್ ಜಿನ್ನೆಮನ್ ಇದನ್ನು ಅಲ್ಲಗಳೆದರು: ಬರೆದ ದೃಶ್ಯಗಳೆಲ್ಲ ಚಿತ್ರದಲ್ಲಿವೆ. ಆದರೂ ಅಂತೆಕಂತೆಗೇ ಆಯುಸ್ಸು ಜಾಸ್ತಿ.

ಇದು ಹಾಲಿವುಡ್ಡಿನ ಕಾಯಿಲೆ ಮಾತ್ರವೇ? ಶಂಕರ್ ನಾಗ್ ಎಂದರೆ ನಮ್ಮವರ ನಾಲಗೆಗೆ ಮೊದಲು ಬರುವುದು 1990ರ ಸೆಪ್ಟೆಂಬರ್ 30ರ ಅಪಘಾತ. ಆಗುಂಬೆಯ ಮಳೆಯಲ್ಲಿ, ಇದ್ದ ಬೀದಿಯನ್ನೇ ಮಾಲ್ಗುಡಿಯಾಗಿಸಿ ಅಷ್ಟು ಕಂತು ತೆಗೆದದ್ದು ಹೇಗೆಂದು ಕೇಳುವವರು ಎಷ್ಟು ಜನ? 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕೆಂದು ಹೆಲಿಕಾಪ್ಟರಿನಿಂದ ಧುಮುಕಿ ನಟರಾದ ಅನಿಲ್, ಉದಯ್ ಮುಳುಗಿದರು. ಬೀಳುವ ದೃಶ್ಯ ಊರಿಗೆಲ್ಲ ಕಂಠಪಾಠ. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ ಎಂಬುದು ಅಷ್ಟೇ ನೆನಪಿದೆಯೇ? ಸಾಹಸ ದೃಶ್ಯಕ್ಕೆ ಹಗ್ಗ ಕಟ್ಟುವವರು ಯಾರು, ಅದನ್ನು ಪರೀಕ್ಷಿಸುವವರು ಯಾರು, ಬಿದ್ದರೆ ಹಿಡಿಯಲು ಕೆಳಗೆ ಏನಿದೆ ಎಂದು ಕೇಳುವ ಸಿನಿಮಾ ಪುಟ ನಮ್ಮಲ್ಲಿ ಎಷ್ಟಿವೆ? ತಾರೆಯ ಮದುವೆಗೆ ಮುಖಪುಟ, ಸಾವಿಗೆ ವಿಶೇಷಾಂಕ. ನಡುವಿನ ಮೂವತ್ತು ವರ್ಷದ ದುಡಿಮೆಗೆ ಜಾಗವಿಲ್ಲ. ಬರೆಯುವವರು ನಾವೇ, ಒಪ್ಪುತ್ತೇನೆ. ಹಾಗೆಂದು ಕೊಂಡು ಓದುವ ನೀವು ಪೂರ್ತಿ ಮುಗ್ಧರೇನಲ್ಲ.

ನೀವು ಶ್ರದ್ಧೆಯಿಂದ ಪತ್ರ ಬರೆಯುವವರು, ಅದಕ್ಕೇ ಒಂದು ಕೆಲಸ ಹಚ್ಚುತ್ತೇನೆ. 1957ರಲ್ಲಿ ತೆಗೆದ ಕೊನೆಯ ಮೂರು ಕಂತುಗಳನ್ನು ನಿರ್ದೇಶಿಸಿದ್ದು ರೀವ್ಸನೇ. ಮೊದಲ ವರ್ಷದ ಒಂದು ಕಂತನ್ನೂ ಈ ಮೂರರಲ್ಲಿ ಒಂದನ್ನೂ ಹುಡುಕಿ ನೋಡಿ. ನೆಗೆಯುವ ಮುನ್ನ ಬಲಗಾಲು ಎಲ್ಲಿ ಊರುತ್ತಾನೆ, ಚೌಕಟ್ಟಿನ ಕೆಳ ಅಂಚಿನಲ್ಲಿ ಏನು ಮರೆಯಾಗಿದೆ, ಮೇಲಂಗಿ ಯಾವ ದಿಕ್ಕಿಗೆ ಹಾರುತ್ತದೆ ಗಮನಿಸಿ. ಕಂಡದ್ದನ್ನು ಬರೆದು ಕಳಿಸಿದರೆ ಅದಕ್ಕೆ ಎರಡು ಸಾಲಲ್ಲ, ಒಂದು ಪುಟವನ್ನೇ ಕೊಡುತ್ತೇವೆ.