ಹಕ್ಕಿಗೆ ಶೀತವಾಗಿಲ್ಲ

ಓದುಗರ ಪತ್ರ: ಜನವರಿಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಗೇಟ್‌ವೇಯಿಂದ ಘಾರಾಪುರಿ (ಎಲಿಫೆಂಟಾ) ದ್ವೀಪಕ್ಕೆ ಲಾಂಚ್‌ನಲ್ಲಿ ಹೋಗಿದ್ದೆ. ಬಿಳಿ ಹಕ್ಕಿಗಳು ಹಿಂಡುಹಿಂಡಾಗಿ ನಮ್ಮ ಬೆನ್ನಿಗೇ ಬಂದವು. ಎಲ್ಲರಂತೆ ನಾನೂ ಗಾಠಿಯಾ ಎಂಬ ಕರಿದ ತಿಂಡಿಯ ಪೊಟ್ಟಣ ಕೊಂಡು ಅವುಗಳಿಗೆ ಎಸೆದೆ. ಪಕ್ಕದಲ್ಲಿದ್ದ ಹುಡುಗನೊಬ್ಬ ಎಲ್ಲರೆದುರು ನನ್ನನ್ನು ಗದರಿಸಿದ. ಅವೂ ನಮ್ಮಂತೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಜೀವಗಳಲ್ಲವೇ? ಒಂದು ಹಿಡಿ ಹಾಕಿದರೆ ತಪ್ಪೇ? ಅವು ಸೈಬೀರಿಯಾದಿಂದ ಬರುತ್ತವೆ ಎನ್ನುವುದು ನಿಜವೇ? ಒಂದು ಹಕ್ಕಿಯ ಕೊಕ್ಕಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಅಜ್ಜಿ, ಅದಕ್ಕೆ ಶೀತವಾಗಿದೆಯೇ?” ಎಂದು ಮೊಮ್ಮಗ ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ.
— ಅಂಕೋಲೆ ಮೂಲದ ಓದುಗರೊಬ್ಬರು, ಮುಲುಂಡ್ ಪೂರ್ವ

ಸಂಪಾದಕರ ಉತ್ತರ:

ಅಕ್ಕನವರೇ,

ಮೊದಲು ಮೊಮ್ಮಗನಿಗೆ ಉತ್ತರ ಕೊಡುತ್ತೇನೆ. ಪತ್ರದಲ್ಲಿರುವ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅವನದು. ಹಕ್ಕಿಗೆ ಶೀತವಾಗಿಲ್ಲ, ಅದು ಉಪ್ಪನ್ನು ಹೊರಗೆ ಹಾಕುತ್ತಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಕಡಲ ಮೇಲೆ ಇರುವ ಹಕ್ಕಿಗೆ ಕುಡಿಯಲು ಸಿಗುವ ನೀರೇ ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಾವು ಅದನ್ನು ಕುಡಿದರೆ, ಅಷ್ಟು ಉಪ್ಪನ್ನು ಮೂತ್ರದಲ್ಲಿ ಕಳೆಯಲು ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕಾಗುತ್ತದೆ. ದಾಹ ತೀರುವ ಬದಲು ಏರುತ್ತದೆ. ಕಡಲಕ್ಕಿಯ ತಲೆಬುರುಡೆಯಲ್ಲಿ, ಕಣ್ಣುಗಳ ಮೇಲ್ಗಡೆ, ಒಂದು ಜೋಡಿ ಗ್ರಂಥಿಗಳಿವೆ. ಅವು ರಕ್ತದಲ್ಲಿರುವ ಹೆಚ್ಚಿನ ಉಪ್ಪನ್ನು ಸೆಳೆದು, ಕಡಲ ನೀರಿಗಿಂತಲೂ ಉಪ್ಪಾದ ದ್ರವವಾಗಿಸಿ ಮೂಗಿನ ಹೊಳ್ಳೆಗಳಿಂದ ಬಿಡುತ್ತವೆ. ಹನಿ ಕೊಕ್ಕಿನಗುಂಟ ಇಳಿದು ತುದಿಯಲ್ಲಿ ತೂಗುತ್ತದೆ. ಹಕ್ಕಿ ತಲೆ ಕೊಡವಿ ಅದನ್ನು ಉದುರಿಸುತ್ತದೆ. ನೀವು ಅಂಕೋಲೆಯವರು, ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕಂಡವರು. ಅಲ್ಲಿ ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಡುತ್ತದೆ. ಈ ಹಕ್ಕಿ ಉಪ್ಪನ್ನು ಬಿಟ್ಟು ನೀರನ್ನು ಇಟ್ಟುಕೊಳ್ಳುತ್ತದೆ. ಹುಡುಗನಿಗೆ ಹೀಗೆ ಹೇಳಿ, ತಿಳಿಯುತ್ತದೆ.

ಇನ್ನು ಸೈಬೀರಿಯಾ. ದೂರದಿಂದ ಬಂದ ಯಾವ ಹಕ್ಕಿಯನ್ನು ಕಂಡರೂ ನಾವು ಸೈಬೀರಿಯಾದ ಹೆಸರು ಹೇಳಿ ಸುಮ್ಮನಾಗುತ್ತೇವೆ. ಈ ಅಭ್ಯಾಸ ನನಗೆ ಹಿಡಿಸುವುದಿಲ್ಲ, ಏಕೆಂದರೆ ಅದರಿಂದ ಹಕ್ಕಿಯ ನಿಜವಾದ ಊರು ಮರೆಯಾಗುತ್ತದೆ. ಲಾಂಚ್‌ನ ಹಿಂದೆ ಬರುವ ಹಿಂಡಿನಲ್ಲಿ ಮುಖ್ಯವಾಗಿ ಎರಡು ಜಾತಿಗಳಿರುತ್ತವೆ: ಕಂದುತಲೆ ಕಡಲಕ್ಕಿ ಮತ್ತು ಕಪ್ಪುತಲೆ ಕಡಲಕ್ಕಿ. ಮರಾಠಿಯಲ್ಲಿ ಇವನ್ನು ಕುರವ ಎನ್ನುತ್ತಾರೆ. ಕಪ್ಪುತಲೆಯದು ಯುರೋಪಿನಿಂದ ರಷ್ಯಾದ ಪೂರ್ವದ ಅಂಚಿನವರೆಗೆ ಮರಿ ಮಾಡುವ ಹಕ್ಕಿ. ಅದರ ಮಟ್ಟಿಗೆ ನಿಮಗೆ ಸೈಬೀರಿಯಾ ಎಂದವರ ಮಾತು ಪೂರ್ತಿ ಸುಳ್ಳಲ್ಲ. ಕಂದುತಲೆಯದರ ಕಥೆಯೇ ಬೇರೆ. ಅದು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಹಕ್ಕಿ. ತಜಿಕಿಸ್ತಾನ, ಟಿಬೆಟ್, ಚೀನಾದ ಚಿಂಗ್‌ಹಾಯ್ ಸರೋವರ, ಜೊತೆಗೆ ನಮ್ಮದೇ ಲಡಾಖ್. ತ್ಸೊ ಮೊರಿರಿ ಮತ್ತು ತ್ಸೊ ಕರ್ ಸರೋವರಗಳು ಇರುವುದು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ. ಮರಗಳಿಲ್ಲದ ಆ ನೆಲದಲ್ಲಿ, ನೀರಿನ ನಡುವಿನ ದಿಬ್ಬಗಳ ಮೇಲೆ, ಈ ಹಕ್ಕಿ ನೆಲದಲ್ಲೇ ಗೂಡು ಹೂಡಿ ಎರಡು ಮೂರು ಮೊಟ್ಟೆ ಇಡುತ್ತದೆ. ಮುಂಬಯಿಯಲ್ಲಿ ಮಳೆ ಹಿಡಿದು ನಾವು ಲೋಕಲ್ ರೈಲು ಓಡುತ್ತದೆಯೋ ಇಲ್ಲವೋ ಎಂದು ಕಾಯುತ್ತಿರುವ ಹೊತ್ತಿಗೆ ಅಲ್ಲಿ ಮರಿಗಳು ಓಡಾಡುತ್ತಿರುತ್ತವೆ. ಮಳೆಗಾಲದಲ್ಲಿ ಇವು ಇಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೂ ಇದೇ ಉತ್ತರ.

ಈ ಒಂದು ಸಂಗತಿ ನನ್ನನ್ನು ಪ್ರತಿ ವರ್ಷವೂ ಹಿಡಿದು ನಿಲ್ಲಿಸುತ್ತದೆ. ನಾವು ಕಡಲ ಹಕ್ಕಿ ಎಂದು ಕರೆಯುವ ಈ ಜೀವ ಕಡಲನ್ನೇ ಕಾಣದ ನಾಡಿನಲ್ಲಿ ಹುಟ್ಟುತ್ತದೆ. ಹುಟ್ಟಿ ಆರು ತಿಂಗಳು ತುಂಬುವ ಮೊದಲೇ ಪರ್ವತಗಳನ್ನು ಇಳಿದು, ಅಕ್ಟೋಬರ್–ನವೆಂಬರ್‌ನಲ್ಲಿ ಬಂದರಿನ ಹಡಗುಗಳ ನಡುವೆ ಹಾರುತ್ತಿರುತ್ತದೆ. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಕಂದು ಕಲೆಗಳಿರುವ ಹಕ್ಕಿ ಕಂಡರೆ ಅದು ಕಳೆದ ಬೇಸಗೆಯ ಮರಿ ಎಂದು ತಿಳಿಯಿರಿ. ಉಪ್ಪಿನ ಗ್ರಂಥಿಯೂ ಅಷ್ಟೇ: ಸಿಹಿನೀರಿನಲ್ಲಿದ್ದಾಗ ಕುಗ್ಗುತ್ತದೆ, ಉಪ್ಪುನೀರಿಗೆ ಬಂದಾಗ ಬೆಳೆದು ಕೆಲಸಕ್ಕೆ ನಿಲ್ಲುತ್ತದೆ. ತ್ಸೊ ಕರ್‌ನ ನೀರೂ ಉಪ್ಪೇ. ಹಿಂದೆ ಚಾಂಗ್ಪಾ ಪಶುಪಾಲಕರು ಅದರ ದಂಡೆಯಿಂದ ಉಪ್ಪು ತೆಗೆಯುತ್ತಿದ್ದರು.

ಜನವರಿಯಲ್ಲಿ ನೀವು ಕಂಡ ಹಕ್ಕಿಗಳ ತಲೆ ಕಂದೂ ಅಲ್ಲ, ಕಪ್ಪೂ ಅಲ್ಲ, ಬಿಳಿ. ಚಳಿಗಾಲದಲ್ಲಿ ಎರಡೂ ಜಾತಿಗಳಿಗೆ ಕಣ್ಣಿನ ಹಿಂದೆ, ಮಗುವಿಗೆ ಇಡುವ ದೃಷ್ಟಿಬೊಟ್ಟಿನಂಥ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಬೇರ್ಪಡಿಸಲು ಕಣ್ಣು ನೋಡಿ. ಬೆಳೆದ ಕಂದುತಲೆಗೆ ಬಿಳಿಚು ಕಣ್ಣು, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ. ಕಪ್ಪುತಲೆಗೆ ಕಪ್ಪು ಕಣ್ಣು.

ಈಗ ನಿಮ್ಮನ್ನು ನೋಯಿಸಿದ ವಿಷಯ. ಆ ಹುಡುಗ ನಿಮ್ಮನ್ನು ಗದರಿಸಿದ್ದು ತಪ್ಪು. ಹಿರಿಯರಿಗೆ, ಅದರಲ್ಲೂ ಪ್ರೀತಿಯಿಂದ ಕೈ ಚಾಚಿದವರಿಗೆ ಹೇಳುವ ರೀತಿ ಅದಲ್ಲ. ಆದರೆ ಅವನು ಹೇಳಿದ ವಿಷಯ ಸರಿ, ಮತ್ತು ಅದನ್ನು ನಾನು ಮುಚ್ಚಿಟ್ಟು ನಿಮ್ಮನ್ನು ಸಮಾಧಾನಪಡಿಸಲಾರೆ.

ಅವು ನಮ್ಮಂತೆ ಹೊಟ್ಟೆಪಾಡಿಗೆ ಬಂದ ಜೀವಗಳು ಎಂದು ಬರೆದಿದ್ದೀರಿ. ಓದಿ ಮನಸ್ಸು ಕರಗಿತು. ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವರ ಪೀಳಿಗೆಯನ್ನು ಕಂಡವರು ನಾವು. ಹಸಿದು ಬಂದವರಿಗೆ ಒಂದು ತುತ್ತು ಎಂದರೇನೆಂದು ನಮಗೆ ಗೊತ್ತು. ಆದರೆ ಈ ಹಕ್ಕಿಗಳು ಕೈಚಾಚಿ ಬಂದವಲ್ಲ. ಚಳಿಗಾಲದಲ್ಲಿ ಅವುಗಳ ಊರಿನ ಸರೋವರ ಹೆಪ್ಪುಗಟ್ಟಿ ಮೀನು, ಹುಳು ಎಲ್ಲವೂ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಉಬ್ಬರ ಇಳಿದಾಗ ಕೆಸರಿನಲ್ಲಿ ಸಿಗಡಿ, ಹುಳು, ಸಣ್ಣ ಮೀನು ಸಿಗುತ್ತವೆ. ಅದನ್ನು ಹಿಡಿಯುವ ವಿದ್ಯೆ ಕಲಿತೇ ಬಂದಿವೆ. ನಿಮ್ಮ ಊರಿನ ದೋಣಿಗಳ ಹಿಂದೆ ಬರುತ್ತಿದ್ದದ್ದೂ ಮೀನಿನ ಆಸೆಗೇ. ಮುಂಬಯಿಯ ಭಾವುಚಾ ಧಕ್ಕಾ ಬಂದರುಕಟ್ಟೆಯಲ್ಲಿ ಮೀನು ಇಳಿಸುವ ಹೊತ್ತಿಗೆ ಹೋಗಿ ನೋಡಿದರೆ ಇಂದಿಗೂ ಹಾಗೆಯೇ.

ಒಂದು ಹಿಡಿ ಗಾಠಿಯಾದಿಂದ ಒಂದು ಹಕ್ಕಿ ಸಾಯುವುದಿಲ್ಲ. ಆದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ದಿನ, ಪ್ರತಿ ಲಾಂಚ್‌ನಿಂದ, ನೂರಾರು ಕೈಗಳು ಎಸೆಯುತ್ತವೆ. ಕಡಲೆಹಿಟ್ಟು, ಸೋಡಾ, ಕರಿದ ಎಣ್ಣೆ, ಮೇಲೆ ಉಪ್ಪು. ಹಿಮಾಲಯದ ಆಚೆಗೆ ಹಾರಬೇಕಾದ ಮೈಗೆ ಇದು ಮೀನಿನ ಬದಲಿಯಲ್ಲ. ಖಾಲಿ ಪೊಟ್ಟಣಗಳು ನೀರಿಗೇ ಬೀಳುತ್ತವೆ. ಒಂದೇ ಕಡೆ ಮುಗಿಬೀಳುವ ಹಿಂಡಿನಲ್ಲಿ ರೋಗವೂ ಬೇಗ ಹರಡುತ್ತದೆ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಈ ಕಂದುತಲೆ ಕಡಲಕ್ಕಿಯೂ ಇತ್ತು. ನಾವು ಚೆಲ್ಲುವ ತಿಂಡಿಯ ಕೆಡುಕು ಲಡಾಖ್‌ನಲ್ಲೂ ಇದೆ. ಅಲ್ಲಿ ಪ್ರವಾಸಿಗರ ಮತ್ತು ಶಿಬಿರಗಳ ಎಂಜಲು ತಿಂದು ನಾಯಿಗಳು ಹೆಚ್ಚಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳಿಗೆ ಕುತ್ತು ತಂದಿವೆ.

ಇವುಗಳಿಗೆ ಏನಾದರೂ ಕೊಡಬೇಕು ಎಂಬ ನಿಮ್ಮ ಆಸೆ ದೊಡ್ಡದು. ಅದಕ್ಕೆ ನನ್ನ ಉತ್ತರ ನಿಮ್ಮ ಮನೆಯ ಹತ್ತಿರವೇ ಇದೆ. ಮುಲುಂಡ್ ಪೂರ್ವದಲ್ಲಿ ಮಿಠಾಗರ್ ರಸ್ತೆ ಇದೆಯಲ್ಲ, ಆ ಹೆಸರು ಬಂದದ್ದು ಉಪ್ಪಿನ ಆಗರದಿಂದ. ಉಬ್ಬರದಲ್ಲಿ ಖಾರಿಯ (ಕಡಲಿನ ಹಿನ್ನೀರಿನ) ಕೆಸರೆಲ್ಲ ಮುಳುಗಿದಾಗ ಹಕ್ಕಿಗಳು ಬಂದು ಕೂರಲು ಬೇಕಾದದ್ದು ಇಂಥ ತೆರೆದ, ಆಳವಿಲ್ಲದ ಜಾಗ. ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗ್‌ಗಳ ಸುಮಾರು 256 ಎಕರೆ ಆಗರ ಭೂಮಿಯನ್ನು ಧಾರಾವಿ ಪುನರಾಭಿವೃದ್ಧಿಯ ಮನೆಗಳಿಗೆ ಕೊಡಲು ರಾಜ್ಯ ಸಂಪುಟ 2024ರಲ್ಲಿ ಒಪ್ಪಿತು. ಧಾರಾವಿಯವರಿಗೆ ಮನೆ ಬೇಡ ಎಂದು ನಾನು ಎಂದೂ ಬರೆಯಲಾರೆ. ಆದರೆ ಆಗರವನ್ನು ಪಾಳು ಜಾಗ ಎಂದು ಕರೆಯುವವರ ಮಾತನ್ನು ಒಪ್ಪಲಾರೆ. ಠಾಣೆ ಖಾರಿಗೆ 2022ರಲ್ಲಿ ರಾಮ್ಸರ್ ಮನ್ನಣೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ, ಸಿಕ್ಕಿತು. ಅದೇ ಮನ್ನಣೆ ತ್ಸೊ ಮೊರಿರಿಗೆ 2002ರಲ್ಲಿ, ತ್ಸೊ ಕರ್‌ಗೆ 2020ರಲ್ಲಿ ಸಿಕ್ಕಿದೆ. ಹಕ್ಕಿಯ ಎರಡೂ ಮನೆಗಳ ಹೊಣೆ ನಮ್ಮ ದೇಶದ ಮೇಲಿದೆ. ಖಾರಿಗೆ ಹರಿಯುವ ಕೊಳಕು, ಸುರಿಯುವ ಕಟ್ಟಡದ ಮಣ್ಣು, ಕಡಿಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಇವುಗಳ ಬಗ್ಗೆ ನಿಮ್ಮ ವಾರ್ಡಿನ ಕಚೇರಿಗೆ ನೀವೊಂದು ಪತ್ರ ಬರೆದರೆ ಅದು ಗಾಠಿಯಾಕ್ಕಿಂತ ಎಷ್ಟೋ ಪಾಲು ದೊಡ್ಡ ತುತ್ತು. ನನಗೆ ಬರೆದಷ್ಟೇ ಚೆನ್ನಾಗಿ ಅವರಿಗೂ ಬರೆಯಬಲ್ಲಿರಿ.

ಸೇತುವೆ ದಾಟಿದರೆ ಐರೋಲಿ. ಅಲ್ಲಿನ ಕರಾವಳಿ ಜೀವವೈವಿಧ್ಯ ಕೇಂದ್ರಕ್ಕೆ ಮೊಮ್ಮಗನನ್ನು ಕರೆದೊಯ್ಯಿರಿ. ಮಾರ್ಚ್‌ನಲ್ಲಿ ಇನ್ನೊಮ್ಮೆ ಲಾಂಚ್ ಹತ್ತಿ, ಬರಿಗೈಯಲ್ಲಿ. ಅಷ್ಟರಲ್ಲಿ ಕೆಲವು ಹಕ್ಕಿಗಳ ಮುಖಕ್ಕೆ ಕಂದು ಬಣ್ಣ ಏರಿರುತ್ತದೆ, ಊರಿಗೆ ಹೊರಡುವ ಮೊದಲಿನ ಉಡುಗೆ. ಎಷ್ಟು ತಲೆ ಕಂದಾಗಿದೆ, ಎಷ್ಟು ಇನ್ನೂ ಬಿಳಿಯಾಗಿದೆ ಎಂದು ಅವನು ಎಣಿಸಲಿ. ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ ಮೊಬೈಲ್‌ನಲ್ಲಿ ಚಿತ್ರ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಎಣಿಕೆಯನ್ನು ಅವನ ಕೈಬರಹದಲ್ಲೇ ನಮಗೆ ಕಳುಹಿಸಿ. ಮೇ ಸಂಚಿಕೆಯ ಮಕ್ಕಳ ಪುಟದಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇನೆ.

— ಸಂಪಾದಕ