ಓದುಗರ ಪ್ರಶ್ನೆ: ಸೋಡಾ ಕಾಫಿ ಉಕ್ಕುವುದೇಕೆ?

ಪ್ರಶ್ನೆ: ಫಿಲ್ಟರ್ ಡಿಕಾಕ್ಷನ್‌ಗೆ ಐಸು, ಸಕ್ಕರೆ ಹಾಕಿ ಸೋಡಾ ಸುರಿದರೆ ನೊರೆ ಉಕ್ಕಿ ಲೋಟದಾಚೆ ಹರಿಯುತ್ತದೆ. ಕುಡಿಯುವಷ್ಟರಲ್ಲಿ ಬರೀ ಸಪ್ಪೆ. ತಪ್ಪೆಲ್ಲಿ?
– ಓದುಗರು, ಶಿರಸಿ

ಉತ್ತರ: ಡಿಕಾಕ್ಷನ್ ಬೆಚ್ಚಗಿದೆ, ಸಕ್ಕರೆ ಕರಗಿಲ್ಲ, ಸುರಿದ ಕ್ರಮ ತಿರುವುಮುರುವು. 20 ಡಿಗ್ರಿಯ ನೀರಿಗಿಂತ ಸೊನ್ನೆ ಡಿಗ್ರಿಯ ನೀರು ಸುಮಾರು ಎರಡರಷ್ಟು ಗ್ಯಾಸು ಹಿಡಿದಿಡುತ್ತದೆ. ಸಕ್ಕರೆ ಹರಳು, ಫಿಲ್ಟರಿನಿಂದ ಇಳಿದ ನುಣ್ಣನೆಯ ಪುಡಿ, ಇವುಗಳ ಮೈಮೇಲೆಯೇ ಗುಳ್ಳೆ ಹುಟ್ಟುವುದು.

ಎರಡು ಲೋಟಕ್ಕೆ ಚಿಕೋರಿ ಇಲ್ಲದ ಪುಡಿ 30 ಗ್ರಾಂ, ಕುದಿನೀರು 150 ಎಂ.ಎಲ್. ಪುಡಿಯೇ ಸುಮಾರು 60 ಎಂ.ಎಲ್. ಕುಡಿದುಬಿಡುತ್ತದೆ, ಸಿಗುವುದು 90. ತೆಳು ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ 4 ಚಮಚ ಜೋನಿ (ದ್ರವ) ಬೆಲ್ಲ ಕರಗಿಸಿ. ಡಬ್ಬದ ತಳದ ಹರಳು ಬೇಡ, ಮೇಲಿನ ತಿಳಿಯಷ್ಟೇ ತೆಗೆದುಕೊಳ್ಳಿ. ಮುಚ್ಚಿ ಫ್ರಿಜ್ಜಿನಲ್ಲಿ 4 ತಾಸು ಇಡಿ. ಸೋಡಾ ಬಾಟಲಿಯೂ ಪಕ್ಕದಲ್ಲೇ ಇರಲಿ.

ಐಸಿನ ಮೇಲೆ ಬಿಳಿ ಹಿಮ ಕೂತಿದ್ದರೆ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ. ಮೈ ಗಾಜಿನಂತೆ ನುಣುಪಾದರೆ ಗ್ಯಾಸು ಅಷ್ಟು ಬೇಗ ಹಾರುವುದಿಲ್ಲ. ಲೋಟ ಓರೆ ಹಿಡಿದು ಮೊದಲು 150 ಎಂ.ಎಲ್. ಸೋಡಾ ಅಂಚಿನಗುಂಟ ಇಳಿಸಿ. ಆಮೇಲೆ 45 ಎಂ.ಎಲ್. ಡಿಕಾಕ್ಷನ್, ಚಮಚದ ಬೆನ್ನಿನ ಮೇಲೆ ಸಣ್ಣ ಧಾರೆಯಾಗಿ. ಬೆಲ್ಲದ ಭಾರಕ್ಕೆ ಅದು ತಾನಾಗಿ ಕೆಳಗಿಳಿಯುತ್ತದೆ, ಕಲಕುವುದು ಒಂದೇ ಸುತ್ತು. ಮೇಲೆ ಎರಡು ಬೆರಳು ಜಾಗ ಬಿಡಲು ಮರೆಯಬೇಡಿ, ನೊರೆ ಪೂರಾ ಇಲ್ಲದ ಸೋಡಾ ಕಾಫಿ ಇಲ್ಲ.

ಪ್ರಶ್ನೆ: ಇದಕ್ಕೆ ಮುರುಗಲು (ಕೋಕಂ) ಸೇರುತ್ತದೆಯೇ? ಹಾಲು?
– ಓದುಗರು, ಕುಮಟಾ

ಉತ್ತರ: ಮುರುಗಲು ಚೆನ್ನಾಗಿ ಸೇರುತ್ತದೆ, ಲಿಂಬುವಿಗಿಂತ ಒಂದು ಕೈ ಮೇಲೆ. ಸಾರಿಗೆಂದು ಉಪ್ಪು ಹಾಕಿಟ್ಟ ರಸವಲ್ಲ, ಸಕ್ಕರೆಯಲ್ಲಿಟ್ಟದ್ದು; ಲೋಟಕ್ಕೆ 2 ಚಮಚ. ಬೆಲ್ಲ ಅರ್ಧಕ್ಕಿಳಿಸಿ. ಕಪ್ಪಗೆ ಹುರಿದ ಪುಡಿಯ ಕಹಿಗೂ ಈ ಹುಳಿಗೂ ಹೊಂದುವುದಿಲ್ಲ, ಹದವಾಗಿ ಹುರಿದದ್ದೇ ಬೇಕು. ಇನ್ನೂ ಮೆತ್ತಗಿನ ರುಚಿ ಬೇಕೆಂದರೆ 40 ಗ್ರಾಂ ತರಿಪುಡಿಯನ್ನು 400 ಎಂ.ಎಲ್. ತಣ್ಣೀರಿನಲ್ಲಿ ಫ್ರಿಜ್ಜಿನೊಳಗೆ 14 ತಾಸು ನೆನೆಸಿ ಸೋಸಿ. ಇದು ತೆಳು, ಹಾಗಾಗಿ 90 ಎಂ.ಎಲ್.ಗೆ ಸೋಡಾ 100 ಸಾಕು. ಸೋಡಾ ಬಾಟಲಿಯ ಲೇಬಲ್ಲನ್ನೂ ಓದಿ: ಸೋಡಿಯಂ ಬೈಕಾರ್ಬೊನೇಟ್ ಇದ್ದರೆ ಅದು ಹುಳಿಯನ್ನು ತಗ್ಗಿಸಿಬಿಡುತ್ತದೆ.

ಮುರುಗಲು ಹಾಕಿದ ಮೇಲೆ ಹಾಲಿನ ಮಾತು ಬೇಡ, ಒಡೆಯುತ್ತದೆ.

ಪ್ರಶ್ನೆ: ಮನೆಯ ಸೋಡಾ ಯಂತ್ರದಲ್ಲಿ ನೇರವಾಗಿ ಕಾಫಿಗೇ ಗ್ಯಾಸು ತುಂಬಬಹುದೇ?
– ಓದುಗರು, ಕಾರವಾರ

ಉತ್ತರ: ಬೇಡ. ನೊರೆ ಮೇಲೇರಿ ನಳಿಗೆಗೆ, ಒತ್ತಡ ಬಿಡುವ ವಾಲ್ವಿಗೆ ಹೊಕ್ಕು ಅಂಟುತ್ತದೆ. ಬಾಟಲಿ ಬಿಚ್ಚಿದರೆ ಗೋಡೆಗೂ ಕಾಫಿ. ಫ್ರಿಜ್ಜಿನ ತಣ್ಣೀರಿಗೆ ಮಾತ್ರ ಗ್ಯಾಸು ತುಂಬಿ, ಡಿಕಾಕ್ಷನ್ ಲೋಟದಲ್ಲೇ ಸೇರಲಿ.